ಪಡಿತರ ಕಾರ್ಡಿನಲ್ಲಿ ಹೆಸರಿಲ್ಲದವರು

ಜರ್ಮನಿ ನೆದರ್ಲೆಂಡ್ಸನ್ನು ಆಕ್ರಮಿಸಿದ್ದು 1940ರ ಮೇ ತಿಂಗಳಲ್ಲಿ. ಆಗ ಅಲ್ಲಿದ್ದ ಯಹೂದಿಗಳು ಸುಮಾರು 1,40,000. ಅವರನ್ನು ರೈಲಿಗೆ ತುಂಬಿ ಪೂರ್ವದ ಶಿಬಿರಗಳಿಗೆ ಸಾಗಿಸುವುದು 1942ರ ಜುಲೈನಲ್ಲಿ ಶುರುವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಕರೆ ಬಂದರೂ ಹೋಗದೆ ಅಡಗಿದವರು ಸುಮಾರು 25,000. ಅವರಲ್ಲಿ ಹೆಚ್ಚಿನವರು ಬದುಕುಳಿದದ್ದು ಬೇರೆಯವರ ಮನೆಗಳಲ್ಲಿ: ರೈತರು, ಗುಮಾಸ್ತರು, ಪಾದ್ರಿಗಳು, ಅಂಗಡಿಯವರು.

ಈ ಕಥೆ ಹೇಳಿದಾಗಲೆಲ್ಲ ಕೇಳುವವರ ಕುತೂಹಲ ಒಂದೇ ಕಡೆಗೆ ಓಡುತ್ತದೆ: ಎಲ್ಲಿ ಬಚ್ಚಿಟ್ಟರು? ಅಟ್ಟದ ಮೇಲೋ, ಕಪಾಟಿನ ಹಿಂದೋ? ಅದೂ ಇತ್ತು ಅನ್ನಿ. ಹಾರ್ಲೆಮ್ ಊರಿನ ಗಡಿಯಾರ ರಿಪೇರಿಯ ಟೆನ್ ಬೂಮ್ ಕುಟುಂಬ ಮಗಳು ಕಾರಿಯ ಮಲಗುವ ಕೋಣೆಯಲ್ಲಿ ಸುಳ್ಳು ಗೋಡೆ ಎಬ್ಬಿಸಿತ್ತು. 1944ರ ಫೆಬ್ರವರಿಯ ದಾಳಿಯಲ್ಲಿ ಮನೆಯವರು ಸೆರೆಯಾದರು, ಗೋಡೆಯ ಹಿಂದಿದ್ದ ಆರು ಜನ ಸಿಗಲಿಲ್ಲ. ಆದರೆ ಗೋಡೆ ಒಮ್ಮೆ ಕಟ್ಟಿದರೆ ಮುಗಿಯಿತು. ಹೊಟ್ಟೆ ಹಾಗಲ್ಲ.

ಆಗ ಬ್ರೆಡ್ಡು, ಬೆಣ್ಣೆ, ಮಾಂಸ, ಸೋಪು ಎಲ್ಲಕ್ಕೂ ಪಡಿತರ. ಪ್ರತಿಯೊಬ್ಬರಿಗೂ ಒಂದು ಮೂಲ ಕಾರ್ಡು. ಅದನ್ನು ತೋರಿಸಿದರೆ ಆಯಾ ಅವಧಿಯ ಕೂಪನ್ನು ಸಿಗುತ್ತಿತ್ತು. ಅಂಗಡಿಯಲ್ಲಿ ದುಡ್ಡಿನ ಜೊತೆ ಕೂಪನ್ನೂ ಕೊಡಬೇಕು. ಅಡಗಿದವನು ಕಚೇರಿಗೆ ಹೋಗುವಂತಿಲ್ಲ, ಹೋದರೆ ಗುರುತಿನ ಚೀಟಿಯ ಮೇಲೆ ಯಹೂದಿ ಎಂದು ಸಾರುವ ‘ಜೆ’ ಮುದ್ರೆಯೇ ಹಿಡಿದುಕೊಡುತ್ತದೆ. ಹಾಗಾಗಿ ಮೂವರ ಮನೆ ಇಬ್ಬರನ್ನು ಅಡಗಿಸಿಟ್ಟುಕೊಂಡರೆ ಮೂರು ಜನರ ಕೂಪನ್ನಿನಲ್ಲಿ ಐದು ಹೊಟ್ಟೆ ತುಂಬಬೇಕು. ಕಾಳಸಂತೆಯಲ್ಲಿ ಕೊಳ್ಳೋಣವೆಂದರೆ ಬೆಲೆ ವಿಪರೀತ. ಮೂವರ ಮನೆಗೆ ಐವರ ಬ್ರೆಡ್ಡು ಹೋಗುವುದನ್ನು ಪಕ್ಕದ ಮನೆಯವರು ನೋಡದೆ ಇರುತ್ತಾರೆಯೇ? ಒಣಹಾಕಿದ ಬಟ್ಟೆ ಹೆಚ್ಚಾದರೂ ಅದೇ ಭಯ.

ಇಲ್ಲಿಂದ ನೋಡಿದರೆ ಮಾತ್ರ ಪೂರ್ತಿ ಚಿತ್ರ ಕಾಣುತ್ತದೆ. ಮನೆಯೊಳಗೆ ಇಟ್ಟುಕೊಂಡವರ ಹಿಂದೆ ಇನ್ನೊಂದು ದೊಡ್ಡ ಗುಂಪು ಬೇಕಿತ್ತು. ಪಡಿತರ ಕಚೇರಿಯಲ್ಲಿದ್ದ ಪರಿಚಿತನೊಬ್ಬನಿಂದ ನೂರು ಕಾರ್ಡು ಸಿಕ್ಕಿದ್ದನ್ನು ಕಾರಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದರೋಡೆಯಾಯಿತೆಂದು ನಂಬಿಸಲು ಆ ಮನುಷ್ಯ ತನ್ನನ್ನೇ ಹೊಡೆಸಿಕೊಂಡನಂತೆ! 1942ರ ಕೊನೆಯಲ್ಲಿ ಹೆಲೆನಾ ಕೈಪರ್ಸ್ ಎಂಬ ಗೃಹಿಣಿ ಮತ್ತು ಫ್ರಿಟ್ಸ್ ಸ್ಲಾಂಪ್ ಎಂಬ ಪಾದ್ರಿ ಸೇರಿ, ಅಡಗಿದವರಿಗೆ ನೆರವಾಗುವ ದೇಶವ್ಯಾಪಿ ಸಂಘಟನೆ ಹುಟ್ಟುಹಾಕಿದರು. ಅದರ ಜೊತೆಗಿದ್ದ ತಂಡಗಳು ಪಡಿತರ ಕಚೇರಿಗಳನ್ನೇ ದೋಚಿದವು. ಅಡಗಿದವರನ್ನು ಬಯಲಿಗೆಳೆಯಲು ಆಡಳಿತ ಎರಡನೆಯ ಕಾರ್ಡೊಂದನ್ನು ತಂದಾಗ, 1944ರ ಜನವರಿಯಲ್ಲಿ ಟಿಲ್ಬರ್ಗ್‌ನಲ್ಲಿ ಅದರ ಒಂದು ಲಕ್ಷಕ್ಕೂ ಹೆಚ್ಚು ಸೀಲುಚೀಟಿಗಳೇ ಮಾಯವಾದವು. ದುಡ್ಡಿಗೆ ವಾಲ್ರಾವೆನ್ ವಾನ್ ಹಾಲ್ ಎಂಬ ಬ್ಯಾಂಕರ್ ಗುಟ್ಟಿನ ನಿಧಿ ನಡೆಸಿದ. 1945ರ ಫೆಬ್ರವರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ದುಡ್ಡಿನ ಮಾತು ಬಂದಾಗ ಓದುಗರು ಮುಖ ಸಿಂಡರಿಸುವುದುಂಟು. ಕೆಲವು ಮನೆಗಳು ಊಟದ ಖರ್ಚು ಪಡೆದವು, ನಿಜ. ಕೂಲಿಯಲ್ಲಿ ಬದುಕುವ ಮನೆ ಇನ್ನಿಬ್ಬರನ್ನು ವರ್ಷಗಟ್ಟಲೆ ಸಾಕುವುದು ಹೇಗೆ? ಸುಲಿಗೆ ಮಾಡಿದವರೂ ಇದ್ದರು, ಅದು ಬೇರೆ ವಿಷಯ. ಯಹೂದಿಗಳನ್ನು ಕಾಪಾಡಿದವರನ್ನು ಗುರುತಿಸುವ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ, ಹಣಕ್ಕಾಗಿಯೇ ಆಶ್ರಯ ಕೊಟ್ಟವರನ್ನು ಗೌರವಿಸುವುದಿಲ್ಲ. ಖರ್ಚು ಪಡೆದದ್ದನ್ನು ಮಾತ್ರ ತಪ್ಪೆಂದು ಎಣಿಸುವುದಿಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ. ಎದುರಿನ ಲೆಕ್ಕವನ್ನೂ ನೋಡಿ: 1943ರಲ್ಲಿ ಒಬ್ಬ ಯಹೂದಿಯನ್ನು ಹಿಡಿದುಕೊಟ್ಟರೆ ಏಳೂವರೆ ಗಿಲ್ಡರ್ ಬಹುಮಾನ. ಇದನ್ನೇ ಕಸುಬು ಮಾಡಿಕೊಂಡ ಡಚ್ಚರ ತಂಡವೇ ಇತ್ತು.

ಇನ್ನೊಂದು ತಪ್ಪು ಕಲ್ಪನೆಗೆ ಕಾರಣ, ಮನೆಯವರೊಂದಿಗೆ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ಬರೆದ ದಿನಚರಿಯ ಖ್ಯಾತಿ. ಇಡೀ ಕುಟುಂಬ ಎರಡು ವರ್ಷ ಒಂದೇ ಕಡೆ ಇದ್ದದ್ದು ಅಪರೂಪ. ಹೆಚ್ಚಿನವರು ಚದುರಿಹೋದರು, ಮಕ್ಕಳನ್ನು ಒಂದು ಮನೆಗೆ, ಅಪ್ಪ ಅಮ್ಮನನ್ನು ಮತ್ತೊಂದಕ್ಕೆ ಕಳಿಸಬೇಕಾಯಿತು. ನೆರೆಯವರಿಗೆ ಸಂಶಯ ಬಂದರೆ ರಾತ್ರೋರಾತ್ರಿ ಹೊಸ ವಿಳಾಸ. ಎಳೆಯ ಮಕ್ಕಳು ಸಾಕಿದವಳನ್ನೇ ಅಮ್ಮ ಎನ್ನತೊಡಗಿ, ಯುದ್ಧ ಮುಗಿದ ಮೇಲೆ ಮಗು ಯಾರದೆಂಬ ವ್ಯಾಜ್ಯಗಳೂ ನಡೆದವು. ಅದಕ್ಕೊಂದು ಪುಸ್ತಕವೇ ಬೇಕು.

ಆದರೂ ಆ ದಿನಚರಿಯನ್ನು ಇನ್ನೊಮ್ಮೆ ಓದಿ, ಈ ಸಲ ಊಟದ ಸಾಲುಗಳನ್ನು ಹುಡುಕುತ್ತಾ. 1944ರ ಮಾರ್ಚಿನಲ್ಲಿ ಕೂಪನ್ನು ತರುತ್ತಿದ್ದವರು ಸಿಕ್ಕಿಬೀಳುತ್ತಾರೆ, ಕೊಬ್ಬು ಬೆಣ್ಣೆ ನಿಲ್ಲುತ್ತದೆ. ಮೇ ತಿಂಗಳಲ್ಲಿ ತರಕಾರಿಯವನನ್ನು ಹಿಡಿಯುತ್ತಾರೆ, ಇವರ ಬೆಳಗಿನ ತಿಂಡಿ ತಪ್ಪುತ್ತದೆ. ಆ ತರಕಾರಿಯವನೂ ತನ್ನ ಮನೆಯಲ್ಲಿ ಇಬ್ಬರು ಯಹೂದಿಗಳನ್ನು ಅಡಗಿಸಿಟ್ಟಿದ್ದ. ಅದಾದ ಮೇಲೆ, ಆನ್ ಕುಟುಂಬಕ್ಕೆ ನೆರವಾದ ಮೀಪ್ ಗೀಸ್ ಅವರ ನೆನಪುಗಳನ್ನೂ ಓದಿ. ಅಲ್ಲಿ ಅಡಗಿದ್ದ ಎಂಟು ಜನರಿಗೆ ಸಂತೆ ಮಾಡಿದ ಕೈ ಅವರದು.