ಕಡಲ ತಡಿಯ ಪಾಠಕ್ಕೂ ಪಂಚಾಂಗ ಬೇಕು

ನಂಜನಗೂಡು ತಾಲ್ಲೂಕಿನ ಹೆಡತಲೆಯ ಮಕ್ಕಳಿಗೆ ಹೊಳೆ ಗೊತ್ತು, ಕಡಲು ದೂರ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಕನ್ನಡ ನಾಡಿನ ಕಡಲನ್ನು ಕಾಣಬೇಕಾದರೆ ಮಕ್ಕಳು ಪಶ್ಚಿಮಕ್ಕೆ ಹೊರಟು ಘಟ್ಟ ಇಳಿಯಬೇಕು.

ಪ್ರವಾಸದ ದಿನವನ್ನು ರಜೆ, ಬಸ್ಸು ನೋಡಿ ಗೊತ್ತುಮಾಡುವುದು ರೂಢಿ. ಕಡಲ ಜೀವಿಗಳ ಅಧ್ಯಯನಕ್ಕೆ ಅದು ಸಾಲದು, ಪಂಚಾಂಗವನ್ನೂ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಟ್ಟುಗೂಡಿ, ಕಡಲು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಬಂಡೆಗಳು ಬಯಲಾದಾಗಲೇ ಪಾಠದ ಪುಟ ತೆರೆಯುವುದು. ದಿನಕ್ಕೆ ಎರಡು ಬಾರಿ ಬರುವ ಈ ಇಳಿತ ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆ.

ಬಂಡೆಗೆ ಸುಣ್ಣದ ಬೊಟ್ಟಿಟ್ಟಂತೆ ಕಾಣುವ ಬಾರ್ನಕಲ್, ಏಡಿ, ಸೀಗಡಿಗಳ ಬಳಗದ ಜೀವಿ. ನೀರಿಳಿದಾಗ ಬಾಗಿಲು ಮುಚ್ಚಿ ತೇವ ಕಾಯ್ದುಕೊಳ್ಳುತ್ತದೆ. ನೀರು ಬಂದೊಡನೆ ಕಾಲುಗಳನ್ನು ಹೊರಚಾಚಿ ಆಹಾರ ಬಾಚುತ್ತದೆ. ಸನ್ಯಾಸಿ ಏಡಿಗೆ ಹಿಂಬದಿ ಮೆತ್ತಗೆ. ಅದು ಶಂಖದ ಖಾಲಿ ಚಿಪ್ಪನ್ನೇ ಮನೆಯಾಗಿಸಿಕೊಂಡು ಬೆಳೆದಂತೆ ದೊಡ್ಡ ಚಿಪ್ಪಿಗೆ ಬದಲಾಗುತ್ತದೆ. ಮಕ್ಕಳು ಜೇಬು ತುಂಬಿಸಿಕೊಳ್ಳುವ ಖಾಲಿ ಚಿಪ್ಪು ಇನ್ನೊಂದು ಜೀವಿಯ ಮನೆ ಎಂಬುದು ಇಲ್ಲಿ ತಿಳಿಯುತ್ತದೆ. ಹವಳ, ಕಡಲಕುದುರೆಗಳನ್ನು ಮುಟ್ಟಿ ತರುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕುಮಟಾ ಬಳಿ ಕಡಲು ಸೇರುವ ಅಘನಾಶಿನಿಯ ಅಳಿವೆ ಇನ್ನೊಂದು ಪಾಠ. ಕಪಿಲೆಗೆ ಅಣೆಕಟ್ಟಿದೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಬೆರೆಯುವ ಕೆಸರಿನಲ್ಲಿ ಚಿಪ್ಪಿಕಲ್ಲು ಬೆಳೆಯುತ್ತದೆ. ಇಳಿತದ ಹೊತ್ತಿಗೆ ಅದನ್ನು ಆರಿಸಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಈ ಅಳಿವೆ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜಿದೆ. ಈ ವಿಷಯ ಓದಲು ನಾಡು ಬಿಟ್ಟು ಹೋಗಬೇಕಿಲ್ಲ.

ಹೆತ್ತವರ ಅಳುಕು ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಹಾಗೆಂದು ಕಡಲನ್ನೇ ಬೇಡವೆನ್ನಬೇಕೆ? ಬೇಕಿಲ್ಲ. ಜೀವಿಗಳನ್ನು ನೋಡಲು ಈಜಬೇಕಾಗಿಲ್ಲ, ಅಲೆಗೆ ಇಳಿಯಬೇಕಾಗಿಲ್ಲ. ಇಳಿತಕ್ಕೆ ಒಂದು ಗಂಟೆ ಮೊದಲು ಹೋಗಿ, ನೀರು ತಿರುಗಿದೊಡನೆ ದಡ ಸೇರಿದರಾಯಿತು. ಮಳೆಗಾಲದಲ್ಲಿ ಮಾತ್ರ ಖಂಡಿತ ಬೇಡ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹೆತ್ತವರು ಮೂರು ಪ್ರಶ್ನೆ ಕೇಳಲಿ: ಅಂದು ಇಳಿತ ಎಷ್ಟು ಗಂಟೆಗೆ? ಸ್ಥಳ ಬಲ್ಲ ಮೀನುಗಾರರೊಬ್ಬರು ಜೊತೆಗಿರುತ್ತಾರೆಯೆ? ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಉತ್ತರ ಸರಿಯಾಗಿದ್ದರೆ ಚೀಲಕ್ಕೆ ಒಂದು ನೋಟುಪುಸ್ತಕ, ಪೆನ್ಸಿಲ್, ಜಾರದ ಚಪ್ಪಲಿ ಹಾಕಿ ಧೈರ್ಯವಾಗಿ ಕಳುಹಿಸಬಹುದು.