ಪರಂಪರೆಯ ವಾರಸುದಾರರು ಯಾರು?

ಟಿಟ್ವಾಳಾದಿಂದ ಬೆಳಗಿನ ಲೋಕಲ್ ಹಿಡಿದು ಮುಂಬೈಗೆ ಹೋಗುವವರಲ್ಲಿ ಎಷ್ಟೋ ಜನ ದಿನಾಲೂ ಇಳಿಯುವುದು ಒಂದು ವಿಶ್ವ ಪರಂಪರೆಯ ತಾಣದಲ್ಲಿ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ಬಂದು ಕಲ್ಯಾಣದ ಸುತ್ತಮುತ್ತ ನೆಲೆಸಿದ ನಮ್ಮ ಮಂದಿಗೆ ಒಂದು ಪ್ರಶ್ನೆ ಏಳುವುದು ಸಹಜ: ರೈಲು ನಿಲ್ದಾಣಕ್ಕೆ ಸಿಕ್ಕ ಮನ್ನಣೆ ನಮ್ಮ ಗೋಲಗುಮ್ಮಟಕ್ಕೆ ಯಾಕೆ ಸಿಕ್ಕಿಲ್ಲ?

ಮೊದಲು ಈ ಪಟ್ಟಿ ಹುಟ್ಟಿದ್ದು ಹೇಗೆ ಅಂತ ನೋಡೋಣ. ಈಜಿಪ್ಟಿನಲ್ಲಿ ಆಸ್ವಾನ್ ಅಣೆಕಟ್ಟು ಕಟ್ಟುವಾಗ ಅಬು ಸಿಂಬೆಲ್‌ನ ಮೂರು ಸಾವಿರ ವರ್ಷ ಹಳೆಯ ಗುಡಿಗಳು ಮುಳುಗುವುದರಲ್ಲಿದ್ದವು. 1960ರಲ್ಲಿ ಯುನೆಸ್ಕೋ ಕರೆ ಕೊಟ್ಟಿತು, ಹಲವು ದೇಶಗಳು ಕೈಜೋಡಿಸಿದವು. ಗುಡಿಗಳನ್ನು ತುಂಡು ತುಂಡಾಗಿ ಕತ್ತರಿಸಿ ಎತ್ತರದ ಜಾಗದಲ್ಲಿ ಮತ್ತೆ ಜೋಡಿಸಿದರು. ಒಂದು ದೇಶದ ಆಸ್ತಿ ಇಡೀ ಮನುಕುಲದ ಆಸ್ತಿಯೂ ಹೌದು ಎಂಬ ಈ ವಿಚಾರವೇ 1972ರ ಒಪ್ಪಂದವಾಯಿತು. ಭಾರತ 1977ರಲ್ಲಿ ಸೇರಿತು. ಕರ್ನಾಟಕದಿಂದ ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಪಶ್ಚಿಮ ಘಟ್ಟದ ಕಾಡುಗಳು 2012ರಲ್ಲಿ, ಬೇಲೂರು-ಹಳೇಬೀಡು-ಸೋಮನಾಥಪುರ 2023ರಲ್ಲಿ ಪಟ್ಟಿಗೆ ಬಂದವು.

ಚಂದ ಇದ್ದರೆ ಸಾಲದು. ಹತ್ತು ಮಾನದಂಡಗಳಿವೆ: ಆರು ಸಂಸ್ಕೃತಿಗೆ, ನಾಲ್ಕು ನಿಸರ್ಗಕ್ಕೆ. ಒಂದಾದರೂ ಹೊಂದಬೇಕು. ಮೊದಲು ದೇಶದ ತಾತ್ಕಾಲಿಕ ಪಟ್ಟಿಯಲ್ಲಿರಬೇಕು. ಆಮೇಲೆ ನಕಾಶೆ, ರಕ್ಷಣೆಯ ಯೋಜನೆ ಸಮೇತ ಕಡತ ಹೋಗಬೇಕು. ತಜ್ಞರು ಪರೀಕ್ಷಿಸಿದ ಮೇಲೆ 21 ದೇಶಗಳ ಸಮಿತಿ ತೀರ್ಮಾನ ಮಾಡುತ್ತದೆ. ಈಗ ಒಂದು ದೇಶಕ್ಕೆ ವರ್ಷಕ್ಕೆ ಒಂದೇ ಕಡತ. ಭಾರತದ ತಾತ್ಕಾಲಿಕ ಪಟ್ಟಿಯಲ್ಲಿ ಅರವತ್ತಕ್ಕೂ ಹೆಚ್ಚು ಹೆಸರುಗಳಿವೆ. ಸರತಿ ಎಷ್ಟು ಉದ್ದ ಅಂತ ನೀವೇ ಲೆಕ್ಕ ಹಾಕಿ.

ಆ ಸರತಿಯಲ್ಲಿ ದಖ್ಖನಿ ಸುಲ್ತಾನರ ಸ್ಮಾರಕಗಳು 2014ರಿಂದ ನಿಂತಿವೆ. ಕಲಬುರಗಿಯಲ್ಲಿ ತೆರೆದ ಅಂಗಳವೇ ಇಲ್ಲದ, ಪೂರ್ತಿ ಛಾವಣಿ ಹೊದ್ದ 1367ರ ಜಾಮಿಯಾ ಮಸೀದಿ ಇದೆ. ಬೀದರಿನಲ್ಲಿ ಇರಾನಿನಿಂದ ಬಂದ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, ಅದರ ಬಣ್ಣದ ಹೆಂಚು ಇವತ್ತಿಗೂ ಅಲ್ಲಲ್ಲಿ ಹೊಳೆಯುತ್ತದೆ. ವಿಜಯಪುರದ ಗೋಲಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಅದೇ ಊರಿನ ಇಬ್ರಾಹಿಂ ರೋಜಾದಲ್ಲಿ ಮಲಗಿರುವ ದೊರೆಯನ್ನು ಜನ ‘ಜಗದ್ಗುರು’ ಅಂತ ಕರೆದರು. ಇವು ಒಂದೇ ಸಮುದಾಯದ ಕಥೆಯಲ್ಲ, ಈ ನೆಲದ ಕಥೆ.

ಆದರೆ ಮನ್ನಣೆಗೆ ಬೆಲೆಯೂ ಇದೆ. ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟಾಗ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು, ಹೊರಬಂದದ್ದು 2006ರಲ್ಲಿ. ಜರ್ಮನಿಯ ಡ್ರೆಸ್ಡೆನ್ ಸೇತುವೆಯನ್ನೇ ಆರಿಸಿಕೊಂಡು 2009ರಲ್ಲಿ ಪಟ್ಟಿಯಿಂದಲೇ ಹೊರಬಿತ್ತು. 2011ರಲ್ಲಿ ಹಂಪಿ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳು ಮನೆ-ಅಂಗಡಿ ಕಳೆದುಕೊಂಡವು. ಯುನೆಸ್ಕೋ ಪಟ್ಟಿಯಲ್ಲಿರಲಿ ಬಿಡಲಿ, ನಮ್ಮ ಕಾನೂನಿನ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು. ವಿಜಯಪುರದಂಥ ಊರಿನಲ್ಲಿ ಹೆಜ್ಜೆಗೊಂದು ಸ್ಮಾರಕ. ಬೆಳೆದ ಮಗನಿಗೆ ಮೇಲೊಂದು ಕೋಣೆ ಕಟ್ಟಬೇಕೆನ್ನುವ ಬಡವನ ಕಷ್ಟ ಕೇಳದೆ ಸ್ಮಾರಕ ಉಳಿಸುತ್ತೇವೆ ಅಂದರೆ ಅವನು ಸ್ಮಾರಕವನ್ನೇ ವೈರಿ ಅಂದುಕೊಳ್ಳುತ್ತಾನೆ. ಕಡತ ತಯಾರಾಗುವಾಗಲೇ ಅಂಥವರನ್ನು ಕೂರಿಸಿ ಮಾತಾಡಬೇಕು.

ಉರ್ದುವಿನಲ್ಲಿ ಪರಂಪರೆಗೆ ‘ವಿರಾಸತ್’ ಅಂತೀವಿ. ಕನ್ನಡದ ‘ವಾರಸುದಾರ’ ಬಂದದ್ದೂ ಅದೇ ಅರಬ್ಬಿ ಮೂಲದಿಂದ. ವಾರಸುದಾರನಿಗೆ ಹಕ್ಕು ಇದ್ದಂತೆ ಹೊಣೆಯೂ ಇರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಗುಮ್ಮಟದ ಪ್ರತಿಧ್ವನಿ ಕೇಳಿಸಿ ಕರೆತಂದರೆ ಸಾಕಾಗದು. ಯಾರು ಕಟ್ಟಿದರು, ಹೇಗೆ ಕಟ್ಟಿದರು ಅಂತ ಹೇಳಿಕೊಡಿ. ಗೋಡೆಯ ಮೇಲೆ ಹೆಸರು ಕೆತ್ತುವ ಕೈಯನ್ನು ತಡೆಯಿರಿ. ಯುನೆಸ್ಕೋ ಮುದ್ರೆ ಬೀಳುವುದು ಯಾವಾಗಲೋ, ಗೋಡೆ ಉಳಿಯಬೇಕಾದದ್ದು ಇವತ್ತು.