ಬೀದಿಗಿಳಿದ ದೂರದರ್ಶಕ

ಆಕಾಶವನ್ನು ಜನಸಾಮಾನ್ಯರಿಗೆ ತೋರಿಸಬೇಕೆಂಬ ಹಂಬಲವು ಒಂದು ಉಪಕರಣದ ರೂಪವನ್ನೇ ಹೇಗೆ ಮಾರ್ಪಡಿಸಬಲ್ಲುದೆಂಬುದಕ್ಕೆ ಜಾನ್ ಡಾಬ್ಸನ್ನರ ದೂರದರ್ಶಕಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾನರಿಯೆ. 1915ರಲ್ಲಿ ಬೀಜಿಂಗಿನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಬಂದು, ಬರ್ಕ್ಲಿಯಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದ ಆತ 1944ರಲ್ಲಿ ಶ್ರೀರಾಮಕೃಷ್ಣ ಪರಂಪರೆಯ ವೇದಾಂತ ಮಠವನ್ನು ಸೇರಿದರು. ಅಪರಿಗ್ರಹವೇ ವ್ರತವಾದ ಆ ಬಾಳಿನಲ್ಲಿ ಬೆಲೆಬಾಳುವ ಮಸೂರಗಳಿಗೆ ಹಣವೆಲ್ಲಿಯದು? ಹಡಗಿನ ಗವಾಕ್ಷಿಗಳ ದಪ್ಪ ಗಾಜೇ ಅವರಿಗೆ ಸಾಕಾಯಿತು. ಅಂತಹ ಎರಡು ಬಿಲ್ಲೆಗಳ ನಡುವೆ ಒರಟುಪುಡಿಯನ್ನೂ ನೀರನ್ನೂ ಹಾಕಿ ಗಂಟೆಗಟ್ಟಲೆ ಉಜ್ಜುತ್ತಿದ್ದರೆ ಮೇಲಿನದು ತಗ್ಗಾಗಿಯೂ ಕೆಳಗಿನದು ಉಬ್ಬಾಗಿಯೂ ಸವೆಯುತ್ತದೆ. ತಗ್ಗಾದುದನ್ನು ನುಣುಪುಗೊಳಿಸಿ, ಪರವಲಯಾಕೃತಿಗೆ ತಿದ್ದಿ, ಲೋಹದ ತೆಳುಲೇಪವನ್ನಿತ್ತರೆ, ದೂರದ ನಕ್ಷತ್ರದ ಕಿರಣಗಳನ್ನು ಒಂದೇ ನಾಭಿಯಲ್ಲಿ ಕೂಡಿಸುವ ನಿಮ್ನದರ್ಪಣವು ಸಿದ್ಧವಾಗುತ್ತದೆ. ಕಾಂಕ್ರೀಟ್ ಕಂಬಗಳಿಗೆ ಅಚ್ಚಾಗಿ ಬಳಸುವ ರಟ್ಟಿನ ಕೊಳವೆಯೇ ಅದರ ಒಡಲಾಯಿತು.

ಅವರ ನಿಜವಾದ ಪ್ರತಿಭೆ ಪ್ರಕಟವಾದುದು ಪೀಠದಲ್ಲಿ. ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಬೇಕಾದ ಭಾರವಾದ, ದುಬಾರಿಯಾದ ಲೋಹಪೀಠವನ್ನು ತೊರೆದು, ಮೇಲೆ-ಕೆಳಗೂ ಎಡ-ಬಲಕ್ಕೂ ಮಾತ್ರ ತಿರುಗುವ ಪ್ಲೈವುಡ್ ಪೆಟ್ಟಿಗೆಯೊಂದನ್ನು ಅವರು ರಚಿಸಿದರು. ಭೂಭ್ರಮಣದಿಂದ ಆಗಸವು ಗಂಟೆಗೆ 15 ಅಂಶದಂತೆ ಸರಿಯುವುದರಿಂದ, ಅರ್ಧ ಅಂಶದಷ್ಟು ಅಗಲವಾಗಿ ಕಾಣುವ ಚಂದ್ರನು ಎರಡೇ ನಿಮಿಷಗಳಲ್ಲಿ ತನ್ನ ಅಗಲದಷ್ಟು ಮುಂದೆ ಸಾಗುತ್ತಾನೆ. ಆದುದರಿಂದ ಕೊಳವೆಯನ್ನು ಪದೇ ಪದೇ ಕೈಯಿಂದ ಸರಿಸಲೇಬೇಕು. ಇಲ್ಲಿ ನೆರವಾದುದು ಟೆಫ್ಲಾನ್ ತುಣುಕುಗಳು. ಅವುಗಳ ಮೇಲೆ ಕುಳಿತ ಪೆಟ್ಟಿಗೆಯನ್ನು ಕದಲಿಸಲು ಬೇಕಾದ ಬಲವೂ ಕದಲಿದ ಮೇಲೆ ಚಲಿಸುತ್ತಿರಿಸಲು ಬೇಕಾದ ಬಲವೂ ಹೆಚ್ಚುಕಡಮೆ ಒಂದೇ ಆಗಿರುವುದರಿಂದ, ಬೆರಳಿನಿಂದ ನೂಕಿದರೂ ಅದು ಜಗ್ಗದೆ, ಜಿಗಿಯದೆ ನಯವಾಗಿ ಸರಿದು, ಬಿಟ್ಟಲ್ಲಿಯೇ ನಿಲ್ಲುತ್ತದೆ.

1967ರಲ್ಲಿ ಮಠವನ್ನು ಬಿಡಬೇಕಾಗಿ ಬಂದ ಡಾಬ್ಸನ್ನರು ಮರುವರ್ಷವೇ ಬೀದಿಬದಿಯ ಖಗೋಳವೀಕ್ಷಕರ ಸಂಘವನ್ನು ಕಟ್ಟಲು ನೆರವಾದರು. ವೀಕ್ಷಣಾಲಯದ ಬಾಗಿಲಿಗೆ ಬರುವವನು ಆಗಲೇ ಆಸಕ್ತಿಯುಳ್ಳವನು. ಸಂತೆಗೋ ಮನೆಗೋ ಹೊರಟವನನ್ನು ತಡೆದು ತೋರಿಸುವುದೇ, ನನ್ನ ಮಟ್ಟಿಗೆ, ಇನ್ನೂ ದೊಡ್ಡ ಕಾರ್ಯ. ನಗರದ ದೀಪಗಳ ನಡುವೆಯೂ ಚಂದ್ರನ ಕುಳಿಗಳಾಗಲಿ ಶನಿಯ ಬಳೆಗಳಾಗಲಿ ಮಂಕಾಗವು. ಮಂದಪ್ರಭೆಯ ನೀಹಾರಿಕೆಗಳಿಗೆ ಮಾತ್ರ ಕತ್ತಲೆ ಬೇಕು. ಅದಕ್ಕಾಗಿ ಅವರು 24 ಅಂಗುಲದ ದರ್ಪಣವುಳ್ಳ ದೂರದರ್ಶಕವನ್ನು ರಾಷ್ಟ್ರೀಯ ಉದ್ಯಾನಗಳಿಗೆ ಸಾಗಿಸಿದರು. 6 ಅಂಗುಲದ ದರ್ಪಣಕ್ಕಿಂತ ಅದು 16 ಪಟ್ಟು ಬೆಳಕನ್ನು ಹಿಡಿಯುತ್ತಿತ್ತು.

2014ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಈ ರಚನೆಗೆ ಹಕ್ಕುಸ್ವಾಮ್ಯವನ್ನು ಪಡೆಯಲಿಲ್ಲ. ಆದುದರಿಂದಲೇ ಇಂದು ಮರಗೆಲಸ ಬಲ್ಲ ಯಾವ ಹವ್ಯಾಸಿಯೂ, ಯಾರ ಅಪ್ಪಣೆಗೂ ಕಾಯದೆ, ‘ಡಾಬ್ಸೋನಿಯನ್’ ಒಂದನ್ನು ಕಟ್ಟಿಕೊಳ್ಳಬಹುದಾಗಿದೆ.